ಕರೆಯದೆ ಬಂದ ಪ್ರಿಂಟರ್

ಯಾರಿಗೂ ಹೇಳಿಕೊಳ್ಳಲಾಗದ ಒಂದು ಸಣ್ಣ ಚಿಂತೆ ನನ್ನದು. ಯಾರಾದರೂ ನನ್ನ ಹೆಸರನ್ನು ಜೋರಾಗಿ ಕರೆದರೆ ಕಿವಿ ಕೆಂಪಗಾಗುತ್ತದೆ. ಕೆಂಪಾದದ್ದು ಯಾರ್ಯಾರಿಗೆ ಕಂಡಿತೋ ಎಂದು ಯೋಚಿಸುವುದರಲ್ಲಿ ಅವರು ಕೇಳಿದ್ದೇನೆಂಬುದೇ ಮರೆತುಹೋಗುತ್ತದೆ. ನಿನ್ನೆ ದಿನಚರಿಯಲ್ಲಿ ಇದನ್ನೇ ಬರೆದು, ನಾಳೆ ಯಾರೂ ನನ್ನನ್ನು ಕರೆಯದಿರಲಿ ಎಂದು ಕೊನೆಗೆ ಸೇರಿಸಿದ್ದೆ.

ಸೋಮವಾರ ಬೆಳಿಗ್ಗೆ ಚೀಲ ಇಳಿಸುವ ಮೊದಲೇ ಎರಡು ಕೋಣೆಗಳಿಂದ ಒಟ್ಟಿಗೆ ಕೂಗು ಬಂತು.

"ನೇದಾ! ಫೋಲ್ಡರ್ ತೆಗೀತಿಲ್ಲ!"

"ನನ್ನ ಹತ್ರಾನೂ ಇಲ್ಲ ಕಣೇ! ಪ್ರಿಂಟರೂ ಸತ್ತಿದೆ. ಏನು ಮುಟ್ಟಿದೆ ಮಾರಾಯ್ತಿ?"

ನಾನು ಏನನ್ನೂ ಮುಟ್ಟಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಹಳೆಯ ಹಸ್ತಪ್ರತಿಗಳ ಭಾಷೆ. ಆದರೆ ಲೋವೆಚ್ ಊರಿನ ಈ ಮೋಜಣಿ ಕಚೇರಿಯಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವಳು. ಆ ಒಂದೇ ಕಾರಣಕ್ಕೆ ಕಂಪ್ಯೂಟರುಗಳ ಕಾಯಿಲೆಯೆಲ್ಲ ನನ್ನ ತಲೆಗೆ. ನಾವಿರುವುದು ನಾಲ್ವರು: ಯಜಮಾನ ಮಿಂಚೆವ್, ಮೋಜಣಿದಾರ ಸ್ಪಾಸಣ್ಣ, ವೆನೆತಕ್ಕ, ನಾನು. ನಾವು ಅಳೆದ ಹೊಲ, ತೋಟ, ಹುಲ್ಲುಗಾವಲುಗಳ ನಕ್ಷೆಗಳೆಲ್ಲ ಪೊರಕೆ ಕೋಣೆಯಲ್ಲಿಟ್ಟ ಒಂದು ದೊಡ್ಡ ಕಂಪ್ಯೂಟರಿನಲ್ಲಿವೆ. ಎಲ್ಲರೂ ತಮ್ಮ ತಮ್ಮ ಮೇಜಿನಿಂದ ಅದರ ಫೋಲ್ಡರ್ ತೆರೆಯುತ್ತಾರೆ. ಮನೆಯಿಂದಲೂ ತೆರೆಯುವ ದಾರಿಯನ್ನು ಈ ವಸಂತದಲ್ಲಿ ನಾನೇ ಮಾಡಿಕೊಟ್ಟಿದ್ದೆ.

ಆ ದಾರಿಯಿಂದಲೇ ಎಲ್ಲವೂ ಕೆಟ್ಟದ್ದು. ಗುರುವಾರ ಸಂಜೆ ಯಾರೋ ಹೊರಗಿನಿಂದ ಒಳಬಂದು ಬ್ರೆಸ್ತಾಕ್ ಹಳ್ಳಿಯ ಚಕ್ಕುಬಂದಿ ನಕ್ಷೆಯನ್ನು ಬದಲಿಸಿದ್ದರು. ಊರಿನ ಒರತೆ ಹೋಟೆಲ್ ಕಟ್ಟುವವರ ಪಾಲಾಗಿತ್ತು. ಶುಕ್ರವಾರ ಹಳ್ಳಿಯ ಮುಖ್ಯಸ್ಥ ಬಂದು ನಕ್ಷೆ ನೋಡಿ ಕೂಗಾಡಿದ ಮೇಲೆ, ಒಳಬಂದದ್ದು ಸ್ಪಾಸಣ್ಣನ ಹೆಸರಿನಲ್ಲಿ, ಸ್ಪಾಸಣ್ಣನ ಮನೆಯ ಇಂಟರ್ನೆಟ್‌ನಿಂದ ಎಂದು ಯಜಮಾನ ಮಿಂಚೆವ್ ಅವರಿಗೆ ತೋರಿಸಿಕೊಟ್ಟವಳು ನಾನು.

ಇವತ್ತು ಮಧ್ಯಾಹ್ನ ಯಜಮಾನರು ಮೋಜಣಿದಾರರ ಪರವಾನಗಿ ಕಚೇರಿಗೆ ಫೋನ್ ಮಾಡಿ ದೂರು ಕೊಡುವವರಿದ್ದರು. ಆಮೇಲೆ ಸ್ಪಾಸಣ್ಣ ಈ ದೇಶದಲ್ಲಿ ಎಲ್ಲಿಯೂ ಒಂದು ಗಡಿಕಲ್ಲು ನೆಡುವಂತಿಲ್ಲ.

ಅವನು ತನ್ನ ಮೇಜು ಖಾಲಿ ಮಾಡುತ್ತಿದ್ದ.

"ಬನ್ನಿ ಡಾಕ್ಟ್ರೇ," ಅಂದ ನನ್ನನ್ನು ಕಂಡು. "ಕಳ್ಳನ ಕಂಪ್ಯೂಟರಿಗೂ ಔಷಧಿ ಕೊಡ್ತೀರೋ, ಇಲ್ಲ ಸಾಯ್ಲಿ ಅಂತ ಬಿಡ್ತೀರೋ?"

"ಸ್ಪಾಸಣ್ಣ, ಹಂಗೆಲ್ಲ ಅನ್ಬೇಡ."

ಈ ಕಚೇರಿಯಲ್ಲಿ ನಾನು ಏಕವಚನದಲ್ಲಿ ಮಾತಾಡಿಸುವುದು ಅವನೊಬ್ಬನನ್ನೇ. ಮೊದಲ ದಿನವೇ ಅವನು ಹಾಕಿದ ಅಪ್ಪಣೆ ಅದು.

"ಅಳ್ಬೇಡ ಕಣೇ. ಕಂಡಿದ್ದನ್ನ ಹೇಳಿದೀಯ. ಅದ್ರಲ್ಲೇನು ತಪ್ಪು?"

"ಗುರುವಾರ ನಿನ್ನ ಮನೇಲಿ ಯಾರ್ಯಾರಿದ್ರು ಹೇಳು."

ಅವನ ಮುಖದ ನಗು ಇಳಿಯಿತು. ಗುರುವಾರ ಅವನ ಹೆಸರಿನ ಹಬ್ಬ, ಆ ಹೆಸರು ಹೊತ್ತವರೆಲ್ಲ ವರ್ಷಕ್ಕೊಮ್ಮೆ ಆಚರಿಸುವ ದಿನ. ಹೆಸರಿನ ಹಬ್ಬಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಆ ಹೆಸರಿನವನ ಬಾಗಿಲು ತೆರೆದಿರುತ್ತದೆ, ಮನಸ್ಸಿದ್ದವರು ಹೋಗುತ್ತಾರೆ.

"ನೀನೂ ಇದ್ಯಲ್ಲ."

"ನಾನು ಬೇಗ ಹೊರಟೆ. ಆಮೇಲೆ?"

"ಬಂದವರು ಬಂದ್ರು, ಕುಡಿದವರು ಕುಡಿದ್ರು. ಈಗ ಅವರ ತಲೆ ಎಣಿಸಿ ಯಜಮಾನ್ರಿಗೆ ಒಪ್ಪಿಸ್ಲಾ? ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಬಾರಿಸ್ತಾನೆ."

"ಪರವಾನಗಿ ಹೋಗತ್ತೆ ಅಣ್ಣ!"

"ಹೋಗ್ಲಿ. ನನ್ನ ಮೇಜಿನ ಮೇಲೆ ರೊಟ್ಟಿ ಮುರಿದವರಲ್ಲಿ ಒಬ್ಬ ಕಳ್ಳ ಇದ್ದ ಅನ್ನೋ ಮಾತು ನನ್ನ ಬಾಯಿಂದ ಬರಲ್ಲ."

ಅವನು ಮೋಜಣಿ ಯಂತ್ರದ ಮುಕ್ಕಾಲಿಯನ್ನು ಮಡಿಸಿ ಗೋಡೆಗೆ ಒರಗಿಸಿದ. ಮಾತು ಮುಗಿಯಿತು ಎಂದು ಅದರ ಅರ್ಥ.

ನಮ್ಮೆಲ್ಲರ ಕುರುಡು ಇದೇ ಎಂದು ಆಗ ಸ್ಪಷ್ಟವಾಯಿತು. ಸ್ಪಾಸಣ್ಣನ ಮನೆ ಎಂದಕೂಡಲೇ ಸ್ಪಾಸಣ್ಣನೇ ಎಂದುಕೊಂಡೆವು. ಆ ಸಂಜೆ ಆ ಮನೆ ಅರ್ಧ ಊರಿನದಾಗಿತ್ತು. ವೈಫೈ ಪಾಸ್‌ವರ್ಡನ್ನು ಅವನ ಮಗಳು ಬೋರ್ಯಾನಾ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಕಚೇರಿಯ ಪಾಸ್‌ವರ್ಡುಗಳ ವಿಷಯ ಕೇಳುವುದೇ ಬೇಡ, ಅವರವರ ಕೀಬೋರ್ಡಿನ ಅಡಿಯಲ್ಲಿ ಚೀಟಿಯಾಗಿ ಮಲಗಿರುತ್ತವೆ. ಆದರೂ ಶುಕ್ರವಾರ ಅತಿಥಿಯ ಮೇಲೆ ಅನುಮಾನ ಪಡುವುದು ನಮ್ಮ ಯಾರ ಬುದ್ಧಿಗೂ ಬಂದಿರಲಿಲ್ಲ. ಅದು ಬುದ್ಧಿಗೆ ಬರುವ ವಿಷಯವೇ ಅಲ್ಲ ಇಲ್ಲಿ.

ಪೊರಕೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನೆಲ ಒರೆಸುವ ಬಟ್ಟೆಯ ಹಸಿ ವಾಸನೆ. ದೊಡ್ಡ ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ತಂತಿ ಸಿಕ್ಕಿಸಿದ ಜಾಗದಲ್ಲಿ ಹಸಿರು ದೀಪ ಮಿಣಿಮಿಣಿ ಎನ್ನುತ್ತಿತ್ತು. ಬರುವ ಮೊದಲು ನನ್ನ ಮೇಜಿನಿಂದ ಅದರ ನೆಟ್ವರ್ಕ್ ನಂಬರಿಗೆ ಕೂಗು ಹಾಕಿ ನೋಡಿದ್ದೆ, ಓಗೊಟ್ಟಿತ್ತು. ತಂತಿ ಚೆನ್ನಾಗಿದೆ, ಯಂತ್ರಕ್ಕೂ ಎಚ್ಚರವಿದೆ, ಫೋಲ್ಡರ್ ಮಾತ್ರ ಒಳಗೆ ಬಿಡುತ್ತಿಲ್ಲ. ಹಾಗಾದರೆ ಒಳಗಿನಿಂದ ಯಾರೋ ಅಗಳಿ ಹಾಕಿದ್ದಾರೆ.

ಹಾಕಿದವರ ಹೆಸರೂ ಯಂತ್ರದ ದಾಖಲೆಯಲ್ಲಿ ಸಿಕ್ಕಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಫೋಲ್ಡರಿನ ಹಂಚಿಕೆಯನ್ನು ನಿಲ್ಲಿಸಿದವರು ಯಜಮಾನರು. ಅವರ ಕೋಣೆಯ ಬಾಗಿಲು ತಟ್ಟಿದೆ.

"ಸಾರ್, ಫೋಲ್ಡರ್ ನೀವು ಮುಚ್ಚಿದ್ರಾ?"

ಮಿಂಚೆವ್ ಕನ್ನಡಕ ತೆಗೆದು ನನ್ನತ್ತ ನೋಡಿ, ನಮ್ಮ ಕಡೆಯ ರೀತಿಯಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿ ಹೌದೆಂದರು. "ಸಾಕ್ಷಿ ಅಲ್ವೇನಮ್ಮ ಅದು? ದೂರು ಹೋಗೋವರೆಗೆ ಯಾರೂ ತೆಗೀಬಾರ್ದು, ಯಾರೂ ನೋಡ್ಬಾರ್ದು. ನೀನೂ ಅಷ್ಟೇ."

"ಅದರ ಜೊತೆ ಪ್ರಿಂಟರೂ ನಿಂತಿದೆ."

"ಪ್ರಿಂಟರ್ ಸರಿಮಾಡು. ಫೋಲ್ಡರ್ ತಂಟೆ ಬೇಡ." ಆಮೇಲೆ ಮೆತ್ತಗೆ, "ನೀನು ಜಾಣೆ ನೇದಾ. ಶುಕ್ರವಾರ ನೀನಿಲ್ದಿದ್ರೆ ನಮಗೇನೂ ತಿಳೀತಿರ್ಲಿಲ್ಲ."

ಆ ಮಾತಿಗೆ ನನಗೆ ಇಷ್ಟಾದ ಮೇಲೂ ಖುಷಿಯಾಯಿತು ಎಂಬುದೇ ನಾಚಿಕೆ.

ಪೊರಕೆ ಕೋಣೆಗೆ ಮರಳಿ, ಪ್ರಿಂಟರ್ ಸರಿಮಾಡಲು ದೊಡ್ಡ ಕಂಪ್ಯೂಟರ್ ಬರೆದಿಟ್ಟ ಅದರ ಹಳೆಯ ದೂರುಗಳನ್ನು ತೆಗೆದು ಓದುತ್ತಾ ಹೋದೆ. ಕಾಗದ ಸಿಕ್ಕಿಕೊಂಡಿದೆ, ಮಸಿ ಮುಗಿದಿದೆ. ಅವನ್ನು ಯಾರೂ ಓದುವುದಿಲ್ಲ. ನಾನೂ ಶುಕ್ರವಾರ ಓದಿರಲಿಲ್ಲ. ನಡುವೆ ಒಂದು ಸಾಲು ಬೇರೆ ಥರ ಇತ್ತು. ಗುರುವಾರ ಸಂಜೆ, ನಕ್ಷೆ ಬದಲಾದ ಹೊತ್ತಿನದೇ. ಯಾವುದೋ ಒಂದು ಪ್ರಿಂಟರ್ ಬಂದಿದೆ, ಅದನ್ನು ಮಾತಾಡಿಸುವ ಬಗೆ ನನಗೆ ತಿಳಿಯದು ಎಂದು ಯಂತ್ರ ಗೊಣಗಿತ್ತು.

ಹೊರಗಿನಿಂದ ಒಬ್ಬರು ತಮ್ಮ ಲ್ಯಾಪ್‌ಟಾಪ್ ಹಿಡಿದು ಒಳಬಂದರೆ, ಆ ಲ್ಯಾಪ್‌ಟಾಪ್ ತನಗೆ ಪರಿಚಯವಿರುವ ಪ್ರಿಂಟರುಗಳನ್ನೂ ಹಿಂದೆಯೇ ಕರೆತರುತ್ತದೆ. ಊಟಕ್ಕೆ ಕರೆದರೆ ಪಕ್ಕದ ಮನೆಯ ಮಕ್ಕಳನ್ನೂ ಕರೆತರುವ ನೆಂಟರ ಹಾಗೆ. ಬೇಡವೆಂದು ಮೊದಲೇ ಟಿಕ್ ಗುರುತು ತೆಗೆಯದಿದ್ದರೆ ಅದು ನಮ್ಮನ್ನು ಕೇಳುವುದೂ ಇಲ್ಲ.

ಬಂದ ಪ್ರಿಂಟರಿನ ಹೆಸರು ಅಲ್ಲಿತ್ತು.

ಜಾಡಿರಾಣಿ.

ನಾನು ಪರದೆಯನ್ನು ಆರಿಸಿಬಿಟ್ಟೆ. ಮತ್ತೆ ಹಚ್ಚಿದೆ. ಹೆಸರು ಅಲ್ಲೇ ಇತ್ತು.

ಹೋದ ಶರತ್ಕಾಲ, ವೆನೆತಕ್ಕನ ಹಿತ್ತಲು. ಇಡೀ ಬೀದಿಯಲ್ಲಿ ಕೆಂಪು ಮೆಣಸಿನಕಾಯಿ ಸುಡುವ ಹೊಗೆ. ಚಳಿಗಾಲಕ್ಕೆಂದು ಅರೆದು ಬೇಯಿಸಿದ ಗೊಜ್ಜು ದೊಡ್ಡ ಪಾತ್ರೆಯಲ್ಲಿ ಕೊತಕೊತ ಕುದಿಯುತ್ತಿತ್ತು. ಜಾಡಿಗಳಿಗೆ ಅಂಟಿಸಲು ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರ್ ಒಂದನ್ನು ವೆನೆತಕ್ಕ ಎಲ್ಲಿಂದಲೋ ತರಿಸಿದ್ದರು. ಅದನ್ನು ಅವರ ಲ್ಯಾಪ್‌ಟಾಪಿಗೆ ಜೋಡಿಸಿಕೊಟ್ಟವಳು ನಾನು. "ಇದಕ್ಕೇನು ಹೆಸರಿಡ್ಲಿ ಅಕ್ಕ?" ಅಂದಾಗ, "ನಿನಗೆ ತೋಚಿದ್ದು ಇಡೇ" ಎಂದು ಬಿಸಿ ಗೊಜ್ಜು ಸವರಿದ ರೊಟ್ಟಿಯನ್ನು ನನ್ನ ಬಾಯಿಗೇ ಇಟ್ಟಿದ್ದರು. ನಗುನಗುತ್ತ ಜಾಡಿರಾಣಿ ಎಂದು ಬರೆದಿದ್ದೆ. ಲೋಕದಲ್ಲಿ ಆ ಹೆಸರಿನ ಪ್ರಿಂಟರ್ ಬೇರೆ ಇರಲಾರದು.

ವೆನೆತಕ್ಕ ನಮ್ಮ ಕಚೇರಿಯ ಲೆಕ್ಕಪತ್ರದವರು. ಓದು ಮುಗಿಸಿ ಮನೆಯಲ್ಲಿ ಮಂಕಾಗಿ ಕೂತಿದ್ದವಳಿಗೆ ಈ ಕೆಲಸ ಕೊಡಿಸಿದವರು. ಫೋನ್ ಬಂದರೆ ನನ್ನ ಪರವಾಗಿ ತಾವೇ ಎತ್ತುವವರು. ಸ್ಪಾಸಣ್ಣನ ಮಗಳನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡು ನಿಂತ ಧರ್ಮತಾಯಿ. ಕಂಪ್ಯೂಟರ್ ಎಂದರೆ ಮಾರು ದೂರ ಓಡುತ್ತೇನೆ ಎನ್ನುವವರು ಈ ವಸಂತದಲ್ಲಿ ಒಂದು ದಿನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು, "ಮನೆಯಿಂದ ಒಳಗೆ ಬರೋದು ಅಂದ್ರೆ ಹೆಂಗೇ? ನನ್ನಂಥ ಮುದುಕಿಗೂ ತಿಳಿಯೋ ಹಂಗೆ ಹೇಳು" ಎಂದಿದ್ದರು. ನನ್ನಿಂದ ಯಾರಾದರೂ ಏನನ್ನಾದರೂ ಕಲಿಯಬೇಕೆಂದದ್ದು ಅದೇ ಮೊದಲು. ಆ ದಿನದ ದಿನಚರಿ ಉದ್ದವಾಗಿತ್ತು.

ಹುಡುಕಿಕೊಂಡು ಹೋದಾಗ ಅವರು ಕಚೇರಿಯ ಅಡುಗೆ ಮೂಲೆಯಲ್ಲಿ ನಿಂತು ಸೂರ್ಯಕಾಂತಿ ಬೀಜ ಸುಲಿಯುತ್ತ ಕಾಫಿ ಕುದಿಯುವುದನ್ನು ಕಾಯುತ್ತಿದ್ದರು.

"ಪ್ರಿಂಟರ್ ಎದ್ದಿತೇನೇ?"

"ಅಕ್ಕ, ಗುರುವಾರ ಸ್ಪಾಸಣ್ಣನ ಮನೆಗೆ ಲ್ಯಾಪ್‌ಟಾಪ್ ತಂದಿದ್ರಿ."

"ಕಚೇರಿಯಿಂದ ನೆಟ್ಟಗೆ ಬಂದೆ. ಚೀಲದಲ್ಲಿತ್ತೋ ಏನೋ."

"ನಾನು ಹೊರಡೋವಾಗ ತಲೆನೋವು ಅಂತ ಬೋರ್ಯಾನಾ ಕೋಣೇಲಿ ಮಲಗಿದ್ರಿ."

"ಅವನ ರಕಿಯಾ ಸಾರಾಯಿ ಕುಡಿದು ನೋಡು, ನಿನಗೂ ಬರತ್ತೆ ತಲೆನೋವು."

"ನೀವು ಕುಡಿಯಲ್ಲ."

ಬೀಜ ಸುಲಿಯುವ ಕೈ ನಿಂತಿತು. ಆಮೇಲೆ ನಕ್ಕರು. "ಓಹೋ, ಪೊಲೀಸಮ್ಮ! ಎಲ್ಲಿ, ಕೈಗೆ ಕೋಳ ಹಾಕು. ಮೊದ್ಲು ಕಾಫಿ ಕುಡ್ಕೊಳ್ಳಾ?"

"ಜಾಡಿರಾಣಿ ಬಂದಿತ್ತು ಅಕ್ಕ."

"ಏನು?"

"ಒಳಗೆ ಬಂದವರ ಹಿಂದೇನೇ ಬಂದಿತ್ತು. ಲ್ಯಾಪ್‌ಟಾಪಲ್ಲಿ ಇರೋ ಪ್ರಿಂಟರೂ ಜೊತೇಲಿ ಬರತ್ತೆ. ಹೆಸರು ಸಮೇತ."

ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ. ಅವರಿಗೆ ಕೇಳಿಸಿತು. ಕಾಫಿ ಉಕ್ಕಿ ಒಲೆಯ ಮೇಲೆ ಚುರ್ ಎಂದಿತು, ಇಬ್ಬರೂ ಇಳಿಸಲಿಲ್ಲ.

"ಅದೊಂದನ್ನ ನೀನು ಹೇಳಿಕೊಡಲಿಲ್ವಲ್ಲೇ," ಅಂದರು ವೆನೆತಕ್ಕ.

ಇಷ್ಟು ಹೊತ್ತು ನನ್ನೊಳಗಿನ ಒಂದು ಧ್ವನಿ, ಎಲ್ಲೋ ಏನೋ ತಪ್ಪಾಗಿದೆ, ಅಕ್ಕ ಈಗ ಬೈದು ಸರಿಮಾಡುತ್ತಾರೆ ಎನ್ನುತ್ತಿತ್ತು. ಆ ಧ್ವನಿ ಅಲ್ಲಿಗೆ ನಿಂತುಹೋಯಿತು.

"ಸ್ಪಾಸಣ್ಣನ ಹೆಸರಲ್ಲಿ ಹೋದ್ರಿ. ಅವನ ಮನೇಲಿ ಕೂತು. ಅವನ ಹಬ್ಬದ ದಿನ." ನಾಲಗೆ ತಡವರಿಸುತ್ತಿತ್ತು. "ನಿಮ್ಮ ಧರ್ಮಪುತ್ರಿಯ ಹಾಸಿಗೆ ಮೇಲೆ ಕೂತು, ಅಕ್ಕ."

"ಕೂಗಬೇಡ."

"ನಾನು ಕೂಗ್ತಿಲ್ಲ."

"ಒಬ್ಬರ ಹೆಸರು ಬೇಕಿತ್ತು ಕಣೇ. ಬದಲಿಸಿದ ನಕ್ಷೆ ನನ್ನ ಕೈಗೆ ಕೊಟ್ಟವರು ಮೊದಲು ಯಾರ ಹೆಸರಲ್ಲಿ ಹೋಗು ಅಂದಿದ್ರು ಗೊತ್ತಾ?" ಅವರು ನನ್ನ ಮೊಣಕೈ ಹಿಡಿದುಕೊಂಡರು. "ನಿನ್ನ ಹೆಸರಲ್ಲಿ."

ನಾನು ಮೊಣಕೈ ಬಿಡಿಸಿಕೊಂಡೆ.

"ದಾರಿ ಮಾಡಿದವಳು ಅವಳೇ, ಕೇಳಿದ್ರೆ ಬಾಯಿ ಬಿಡಲ್ಲ, ಅವಳ ಹೆಸರೇ ವಾಸಿ ಅಂದ್ರು. ಬೇಡ, ಆ ಹುಡುಗಿ ಸತ್ತೇ ಹೋಗ್ತಾಳೆ ಅಂತ ನಾನೇ ಅಡ್ಡ ನಿಂತೆ. ಸ್ಪಾಸ್ ಗಂಡಸು. ಅವನಿಗೆ ಜೇನು ಪೆಟ್ಟಿಗೆ ಇದೆ, ದ್ರಾಕ್ಷಿ ಬಳ್ಳಿ ಇದೆ, ಊರ ತುಂಬ ಸ್ನೇಹಿತರಿದ್ದಾರೆ. ಬದುಕ್ಕೋತಾನೆ. ನೀನು?"

"ನನ್ನನ್ನ ಉಳಿಸೋಕೆ ಅವನನ್ನ ಕೊಟ್ರಾ?"

"ಯಾರನ್ನೋ ಒಬ್ಬರನ್ನ ಕೊಡ್ಬೇಕಿತ್ತು."

"ಆಗಲ್ಲ ಅನ್ನಬಹುದಿತ್ತು."

"ನನ್ನ ಪಿಂಚಣಿಗೆ ಇನ್ನೊಂದು ಚಳಿಗಾಲ ಬಾಕಿ ಇದೆ. ಈಗ ಹೊರಗೆ ಹಾಕಿದ್ರೆ ಈ ವಯಸ್ಸಲ್ಲಿ ಯಾರು ಒಳಗೆ ಸೇರಿಸ್ತಾರೆ?" ಅವರ ಕಣ್ಣುಗಳು ಒದ್ದೆಯಾಗಿದ್ದವು, ಅದೂ ನಿಜವೇ ಇರಬೇಕು. "ಆಗಲ್ಲ ಅನ್ನೋದು ನಿನ್ನ ವಯಸ್ಸಿನವರ ಮಾತು."

"ನಕ್ಷೆ ಕೊಟ್ಟವರು ಯಾರು?"

"ಅದನ್ನ ಕೇಳಬೇಡ. ಮಧ್ಯಾಹ್ನ ಒಂದು ಪ್ರಶ್ನೆ ಕೇಳ್ತಾರೆ, ಹೌದು ಅನ್ನು. ಅಷ್ಟೇ. ಸುಮ್ಮನಿರೋದು ನಿನಗೆ ಹೊಸದಲ್ವಲ್ಲ ನೇದೂ."

ನೇದೂ ಎಂದು ನನ್ನನ್ನು ಕರೆಯುವುದು ಅವರೊಬ್ಬರೇ. ಸುಲಿದ ಬೀಜಗಳನ್ನು ನನ್ನ ಅಂಗೈಗೆ ಸುರಿದು, ಬೆರಳು ಮಡಿಸಿ ಮುಚ್ಚಿ, ಉಕ್ಕಿದ ಕಾಫಿ ಒರೆಸತೊಡಗಿದರು.

ಪೊರಕೆ ಕೋಣೆಗೆ ವಾಪಸು ಬಂದೆ. ಬೀಜಗಳನ್ನು ಎಲ್ಲಿ ಹಾಕಬೇಕೋ ತಿಳಿಯದೆ ಬಕೆಟ್ಟಿಗೆ ಹಾಕಿದೆ.

ಅವರು ಹೇಳಿದ ಒಂದು ಮಾತು ಮಾತ್ರ ಕೊರೆಯುತ್ತಿತ್ತು. ಬದಲಿಸಿದ ನಕ್ಷೆ ಅವರ ಕೈಗೆ ಬಂದದ್ದು. ಹೌದು, ವೆನೆತಕ್ಕನಿಗೆ ಒಂದು ಗಡಿಗೆರೆ ಎಳೆಯಲು ಬರುವುದಿಲ್ಲ. ಎಳೆದವರು ಬೇರೆ.

ಹಂಚಿಕೆ ಮುಚ್ಚಿದ್ದು ನಮ್ಮ ಮೇಜುಗಳಿಗೆ. ದೊಡ್ಡ ಕಂಪ್ಯೂಟರಿನ ಮುಂದೆಯೇ ಕೂತವರಿಗೆ ಫೋಲ್ಡರ್ ತೆರೆದೇ ಇತ್ತು. ಯಾರೂ ನೋಡಬಾರದು ಎಂದಿದ್ದರು ಯಜಮಾನರು. ಮೊದಲ ಸಲ ಅವರ ಮಾತು ಮೀರಿ ನಕ್ಷೆ ತೆರೆದೆ.

ಒರತೆಯ ಸುತ್ತ ಹೊಸ ಗೆರೆ ಹಾವಿನಂತೆ ಸುತ್ತಿಕೊಂಡಿತ್ತು. ಗೆರೆಯ ಮೇಲೆ ಗಡಿಕಲ್ಲುಗಳ ನಂಬರುಗಳಿದ್ದವು. ಒಂದರಿಂದ ಹಿಡಿದು ಬೆರಳಿಟ್ಟು ಓದುತ್ತಾ ಹೋದೆ. ಬೆರಳು ಎಡಕ್ಕೆ ತಿರುಗಿತು. ಮತ್ತೊಮ್ಮೆ ಓದಿದೆ. ಎಡಕ್ಕೇ.

ಸ್ಪಾಸಣ್ಣ ಕಲ್ಲು ಎಣಿಸುವುದು ಗಡಿಯಾರದ ಮುಳ್ಳಿನ ಹಾಗೆ, ಬಲಕ್ಕೆ. ನನಗೂ ಅವನು ಹಾಗೆಯೇ ಕಲಿಸಿದ್ದು. ಅಪ್ರದಕ್ಷಿಣೆಯಾಗಿ ಎಣಿಸುವವರು ನಮ್ಮಲ್ಲಿ ಒಬ್ಬರೇ. ತಮ್ಮ ಗುರುಗಳು ಹೀಗೇ ಕಲಿಸಿದ್ದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕೈ ಅಭ್ಯಾಸ, ಕದ್ದು ಎಳೆಯುವಾಗಲೂ ಬಿಟ್ಟಿಲ್ಲ. ಫೋಲ್ಡರಿಗೆ ಬೆಳಿಗ್ಗೆ ಅಗಳಿ ಹಾಕಿದ್ದು ಸಾಕ್ಷಿ ಉಳಿಸಲು ಅಲ್ಲ; ಸ್ಪಾಸಣ್ಣ ಹೊರಗೆ ಹೋಗುವ ಮೊದಲು ಆ ಗೆರೆಯನ್ನು ಒಮ್ಮೆ ನೋಡಿಬಿಟ್ಟರೆ ಎಂಬ ಭಯಕ್ಕೆ.

ನೀನು ಜಾಣೆ ನೇದಾ.

ಬಾಗಿಲು ತೆರೆಯಿತು. ವೆನೆತಕ್ಕ. "ಯಜಮಾನ್ರು ಕರೀತಿದ್ದಾರೆ," ಅಂದರು. ನನ್ನ ಹಿಂದಿನ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ದಾರಿ ಬಿಟ್ಟ ಹಾಗೂ ಅಲ್ಲ, ತಡೆದ ಹಾಗೂ ಅಲ್ಲ, ಅರ್ಧ ಬಾಗಿಲಲ್ಲಿ ನಿಂತರು. ನಾನು ಅವರ ತೋಳು ಸೋಕಿಕೊಂಡೇ ದಾಟಬೇಕಾಯಿತು.

ಯಜಮಾನರ ಕೋಣೆಯಲ್ಲಿ ಸ್ಪಾಸಣ್ಣ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದ. ಕೂರು ಎಂದು ಯಾರೂ ಹೇಳಿರಲಿಲ್ಲ. ಮೇಜಿನ ಮೇಲೆ ಫೋನು, ಎಲ್ಲರಿಗೂ ಕೇಳಿಸುವಂತೆ ತೆರೆದಿತ್ತು. ಆ ಕಡೆ ಪರವಾನಗಿ ಕಚೇರಿಯ ಹೆಂಗಸು, "ಹೇಳಿ, ಬರ್ಕೋತಿದೀನಿ," ಎನ್ನುತ್ತಿದ್ದಳು.

"ಇಗೋ, ಕಂಡುಹಿಡಿದ ಹುಡುಗೀನೇ ಬಂದ್ಲು," ಅಂದರು ಮಿಂಚೆವ್ ಫೋನಿಗೆ. ನನ್ನ ಹೆಗಲ ಮೇಲೆ ಕೈ ಇಟ್ಟರು. ಬೆಚ್ಚಗಿತ್ತು ಕೈ. "ಹೆದರಬೇಡ. ಒಂದೇ ಮಾತು. ಗುರುವಾರ ಒಳಗೆ ಬಂದಿದ್ದು ಸ್ಪಾಸ್ ಮನೆಯಿಂದ. ಹೌದು ತಾನೆ?"

ಹೌದು ಎಂದರೆ ಸುಳ್ಳಾಗುತ್ತಿರಲಿಲ್ಲ. ಆ ಪ್ರಶ್ನೆಯ ವಿಷ ಇದ್ದದ್ದೇ ಅಲ್ಲಿ.

"ಹೇಳೇ ಮಗಳೇ," ಅಂದ ಸ್ಪಾಸಣ್ಣ. "ಕಂಡಿದ್ದನ್ನ ಹೇಳು. ನನಗೇನೂ ಬೇಜಾರಿಲ್ಲ." ಅವನ ಧ್ವನಿಯಲ್ಲಿ ನಿಜಕ್ಕೂ ಬೇಜಾರಿರಲಿಲ್ಲ. ನನಗೆ ತಡೆಯಲಾಗದ್ದು ಅದು.

ಬಾಗಿಲಲ್ಲಿ ವೆನೆತಕ್ಕ, ತಲೆಯನ್ನು ಬಲು ಮೆಲ್ಲಗೆ, ಹೌದೆನ್ನು ಎಂಬಂತೆ ಆಡಿಸುತ್ತಿದ್ದರು.

"ಹಲೋ?" ಅಂದಳು ಫೋನಿನ ಹೆಂಗಸು. "ಯಾರಾದ್ರೂ ಮಾತಾಡ್ತೀರಾ?"

ಹೆಗಲ ಮೇಲಿನ ಕೈಯನ್ನು ಸರಿಸಿ, ನಾನು ಫೋನಿನ ಹತ್ತಿರಕ್ಕೆ ಬಗ್ಗಿದೆ.

"ಬ್ರೆಸ್ತಾಕ್ ನಕ್ಷೇಲಿ ಆ ಗೆರೆ ಎಳೆದಿದ್ದು ಸ್ಪಾಸಣ್ಣ ಅಲ್ಲ," ಅಂದೆ. "ಮಿಂಚೆವ್ ಸಾರ್, ನೀವು."